ಡ್ರೈವರ್ ಸೈಡೋ, ಕ್ಲೀನರ್ ಸೈಡೋ?

ಕಾರಿನ ಬಲಗಡೆಯ ಹೆಡ್‌ಲೈಟ್ ಒಡೆದರೆ ಎಡಗಡೆಯದು ಮನೆಗೆ ಬರುತ್ತದೆ. ಎಡಗಡೆಯ ಫೆಂಡರ್ ನುಗ್ಗಾದರೆ ಬಲಗಡೆಯದು ಬರುತ್ತದೆ. ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡವರು ಇದನ್ನು ಗ್ರಹಚಾರವೆಂದು ಒಪ್ಪಿಕೊಂಡುಬಿಟ್ಟಿದ್ದಾರೆ. ಒಪ್ಪದವರು ರಟ್ಟಿನ ಡಬ್ಬ ಕಂಕುಳಲ್ಲಿಟ್ಟುಕೊಂಡು ಜೆ.ಸಿ. ರಸ್ತೆಯ ಯಾವುದಾದರೊಂದು ಅಂಗಡಿಯೆದುರು ನಿಂತು ವಾದ ಮಾಡುತ್ತಿರುತ್ತಾರೆ.

ಹಾಗೆಂದು ನಿಯಮ ಇಲ್ಲವೆಂದಲ್ಲ. ಇದೆ, ಒಂದೇ ಸಾಲಿನದು. ಕಾರಿನೊಳಗೆ ಸೀಟಿನ ಮೇಲೆ ಕೂತು ಮುಂದೆ ನೋಡಿ. ನಿಮ್ಮ ಬಲಗೈ ಕಡೆ ಇರುವುದು ಕಾರಿನ ಬಲ, ಎಡಗೈ ಕಡೆಯದು ಕಾರಿನ ಎಡ. ಮಾರುತಿಯವರ ಕ್ಯಾಟಲಾಗ್ ತೆಗೆಯಿರಿ, ಟೊಯೊಟಾದವರದು ತೆಗೆಯಿರಿ, ಟಾಟಾದವರದು ತೆಗೆಯಿರಿ, ಎಲ್ಲ ಕಡೆ ಇದೇ ಮಾತು. ಇಂಡಿಕೇಟರ್ ಕಡ್ಡಿ ಸ್ಟೀರಿಂಗಿನ ಯಾವ ಪಕ್ಕ ಇರಬೇಕು, ಪೆಟ್ರೋಲ್ ಮುಚ್ಚಳ ಯಾವ ಪಕ್ಕ ಇರಬೇಕು ಎಂಬುದರಲ್ಲಿ ಇವತ್ತಿಗೂ ಒಮ್ಮತಕ್ಕೆ ಬಾರದ ಕಂಪನಿಗಳು ಈ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರ ಹಾಗೆ ಒಂದಾಗಿವೆ.

ತೊಂದರೆ ಎಲ್ಲಿದೆಯೆಂದರೆ, ಒಡೆದ ಹೆಡ್‌ಲೈಟನ್ನು ಯಾರೂ ಸೀಟಿನ ಮೇಲೆ ಕೂತು ನೋಡುವುದಿಲ್ಲ. ಕೂತರೆ ಅದು ಕಾಣುವುದೂ ಇಲ್ಲ. ಇಳಿದು, ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಕಾರಿನ ಮುಖಕ್ಕೆ ಮುಖ ಕೊಟ್ಟು ನೋಡುತ್ತೇವೆ. ಅಲ್ಲಿಗೆ ಎಡ ಬಲವಾಯಿತು. ಹಿಂದಿನ ಟೈಲ್ ಲ್ಯಾಂಪ್ ಒಡೆದಾಗ ಈ ಕಷ್ಟ ಇಲ್ಲ. ಕಾರಿನ ಹಿಂದೆ ನಿಂತವನ ಎಡಬಲವೂ ಕಾರಿನ ಎಡಬಲವೂ ಒಂದೇ. ಹಿಂದಿನಿಂದ ಗುದ್ದಿಸಿಕೊಂಡವರು ಈ ಲೆಕ್ಕದಲ್ಲಿ ಪುಣ್ಯವಂತರು. ಮುಂದೆ ಹೋಗಿ ಗುದ್ದಿದವರು ಮೊದಲು ಗುದ್ದಿಸಿಕೊಂಡವನಿಗೆ, ಆಮೇಲೆ ಸ್ಪೇರ್ಸ್ ಅಂಗಡಿಯವನಿಗೆ, ಹೀಗೆ ಎರಡು ಸಲ ದಂಡ ತೆರುತ್ತಾರೆ.

ಸುದ್ದಿ ಸಾಗುವ ದಾರಿಯನ್ನು ನೋಡಿ. ಮಾಲೀಕ ಕಾರಿನ ಎದುರು ನಿಂತು ಫೋನಿನಲ್ಲಿ "ಲೆಫ್ಟ್ ಹೋಗಿದೆ ಕಣಪ್ಪಾ" ಅನ್ನುತ್ತಾನೆ. ಮೆಕ್ಯಾನಿಕ್‌ಗೆ ಇಪ್ಪತ್ತು ವರ್ಷದ ಅನುಭವ. 'ಇವರೆಲ್ಲ ಎದುರು ನಿಂತು ಹೇಳುವವರು' ಎಂದು ಮನಸ್ಸಿನಲ್ಲೇ ತಿರುಗಿಸಿ ಅಂಗಡಿಗೆ "ರೈಟ್ ಕಳ್ಸು" ಅನ್ನುತ್ತಾನೆ. ಅಂಗಡಿಯವನ ಅನುಭವ ಮೂವತ್ತು ವರ್ಷದ್ದು. 'ಮೆಕ್ಯಾನಿಕ್ ಬಾನೆಟ್ ಎತ್ತಿ ಎದುರು ನಿಂತು ಫೋನ್ ಮಾಡಿರ್ತಾನೆ' ಎಂದು ಅವನೂ ಒಂದು ಸಲ ತಿರುಗಿಸುತ್ತಾನೆ. ಗೋಡೌನಿನ ಹುಡುಗ ಮೊನ್ನೆ ಸೇರಿದವನು, ಅವನಿಗೆ ಅನುಭವ ಇಲ್ಲ. ಅವನು ಡಬ್ಬದ ಮೇಲಿನದನ್ನು ಓದದೆ ದೀಪವನ್ನು ಎದೆಗೆ ಆನಿಸಿ ನೋಡಿ, ಕೈಗೆ ಬಂದದ್ದನ್ನು ಬೈಕಿನ ಹುಡುಗನಿಗೆ ಕೊಡುತ್ತಾನೆ. ಅಂದರೆ ಈ ಊರಿನಲ್ಲಿ ಸರಿಯಾದ ಹೆಡ್‌ಲೈಟ್ ಮನೆಗೆ ಬಂತೆಂದರೆ ಯಾರೂ ತಪ್ಪು ಮಾಡಲಿಲ್ಲ ಎಂದು ತಿಳಿಯಬೇಡಿ. ತಪ್ಪು ಸಮಸಂಖ್ಯೆಯಲ್ಲಿ ಆಗಿದೆ, ಅಷ್ಟೆ.

ಈ ಸರಪಳಿಗೆ ದೊಡ್ಡ ಅಪಾಯ ಬರುವುದು ದಡ್ಡನಿಂದಲ್ಲ, ನಿಯಮ ಓದಿಕೊಂಡವನಿಂದ. ಅವನು ಸರಿಯಾಗಿ "ರೈಟ್" ಎಂದು ಹೇಳಿದ್ದಾನೆ. ಉಳಿದವರೆಲ್ಲ ಸೇರಿ ಅವನನ್ನು ತಿದ್ದುತ್ತಾರೆ.

ಕೌಂಟರಿನ ಪಕ್ಕ ಅರ್ಧ ಗಂಟೆ ಸುಮ್ಮನೆ ನಿಂತು ನೋಡಬೇಕು. ರಿಟೈರಾಗುವ ಹತ್ತಿರ ಬಂದಂತೆ ಕಾಣುವ ಗೃಹಸ್ಥರೊಬ್ಬರು ಬರುತ್ತಾರೆ. ಇಸ್ತ್ರಿ ಮಾಡಿದ ಷರ್ಟು, ಜೇಬಿನಲ್ಲಿ ಎರಡು ಪೆನ್ನು.

"ಹೆಡ್‌ಲೈಟ್ ಬೇಕಾಗಿತ್ತು."

"ಯಾವ ಗಾಡಿ ಸಾರ್?"

ಗಾಡಿ ಹೇಳುತ್ತಾರೆ, ಇಸವಿ ಹೇಳುತ್ತಾರೆ. ಪೆಟ್ರೋಲೋ ಡೀಸೆಲೋ ಎಂಬುದನ್ನೂ ಹೇಳುತ್ತಾರೆ. ಅದಕ್ಕೂ ದೀಪಕ್ಕೂ ಏನು ಸಂಬಂಧ ಎಂದು ಇವರೂ ಕೇಳುವುದಿಲ್ಲ, ಅವನೂ ಯೋಚಿಸಿಲ್ಲ.

"ಲೆಫ್ಟಾ ರೈಟಾ?"

"ರೈಟು."

"ಕೂತ್ಕೊಂಡು ರೈಟಾ, ನಿಂತ್ಕೊಂಡು ರೈಟಾ?"

ಪ್ರಶ್ನೆ ಬಹಳ ಒಳ್ಳೆಯದು. ಇಡೀ ವ್ಯಾಪಾರದಲ್ಲಿ ಯಾರಾದರೂ ಕೇಳಬೇಕಾದ ಪ್ರಶ್ನೆ ಇದೊಂದೇ. ಗೃಹಸ್ಥರು ಗಂಭೀರರಾಗುತ್ತಾರೆ. ಕೌಂಟರಿಗೆ ಬೆನ್ನು ಮಾಡಿ, ಎರಡೂ ಕೈ ಚಾಚಿ, ಗಾಳಿಯಲ್ಲಿ ಸ್ಟೀರಿಂಗ್ ಹಿಡಿಯುತ್ತಾರೆ. ಮೊಣಕಾಲು ಒಂದಿಷ್ಟು ಬಗ್ಗುತ್ತದೆ. ಕಣ್ಣು ಮುಚ್ಚಿ ಆ ದಿನದ ಘಟನೆ ನೆನೆಯುತ್ತಾರೆ. ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತದೆ. ಆಮೇಲೆ ಒಂದು ಕೈ ಸ್ಟೀರಿಂಗಿನಿಂದ ಬಿಡಿಸಿಕೊಂಡು ಹೊರಗೆ ಚಾಚುತ್ತದೆ. "ಈ ಕಡೆ" ಎನ್ನುತ್ತಾರೆ. ಹೇಳಿ, ಚಾಚಿದ ಕೈ ಇಳಿಸದೆ ಹಾಗೆಯೇ ಅಂಗಡಿಯವನ ಕಡೆ ತಿರುಗುತ್ತಾರೆ. ಕೈ ಅದೇ. ಕಡೆ ಬದಲಾಗಿದೆ.

"ಡ್ರೈವರ್ ಸೈಡ್ ತಾನೇ ಸಾರ್?"

"ಅಲ್ಲಪ್ಪಾ, ಆಟೋದವನು ಬಂದು ಉಜ್ಜಿದ ಸೈಡು."

ಅಂಗಡಿಯವನು ತಲೆಯಾಡಿಸಿ ಒಳಗೆ ಕೂಗುತ್ತಾನೆ. ಪಕ್ಕದಲ್ಲಿ ಇನ್ನೊಬ್ಬರು ಕನ್ನಡಿ ಕೇಳಲು ಬಂದವರು ಆಗಲೇ ಬೆನ್ನು ತಿರುಗಿಸಿ ಸ್ಟೀರಿಂಗ್ ಹಿಡಿದಿರುತ್ತಾರೆ. ಇದೇ ರಸ್ತೆಯಲ್ಲಿರುವ ರವೀಂದ್ರ ಕಲಾಕ್ಷೇತ್ರದ ಒಳಗೆ ಇಂಥ ಗೊಂದಲ ಇಲ್ಲ. ರಂಗದ ಬಲ ಎಂದರೆ ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟನ ಬಲ ಎಂದು ನಾಟಕದವರು ಎಂದೋ ತೀರ್ಮಾನ ಮಾಡಿಕೊಂಡಿದ್ದಾರೆ. ಗೋಡೆಯ ಆಚೆ ದಿನವಿಡೀ ನಡೆಯುವ ಮೂಕಾಭಿನಯಕ್ಕೆ ಮಾತ್ರ ನಿರ್ದೇಶಕರಿಲ್ಲ.

ಲಾರಿಯವರು ಈ ತಂಟೆಯಿಂದ ಯಾವತ್ತೋ ಪಾರಾಗಿದ್ದಾರೆ. ಅವರ ಬಾಯಲ್ಲಿ ಎಡವೂ ಬರುವುದಿಲ್ಲ, ಬಲವೂ ಬರುವುದಿಲ್ಲ. ಡ್ರೈವರ್ ಸೈಡ್, ಕ್ಲೀನರ್ ಸೈಡ್. ಲಾರಿಯ ಮುಂದೆ ನಿಲ್ಲಿ, ಹಿಂದೆ ನಿಲ್ಲಿ, ಕೆಳಗೆ ಚಾಪೆ ಹಾಸಿ ಮಲಗಿ, ಕ್ಲೀನರ್ ಕೂರುವ ಜಾಗ ಬದಲಾಗುವುದಿಲ್ಲ. ಹಡಗಿನವರ ಬುದ್ಧಿಯೂ ಇದೇ. ಬಲಮಗ್ಗುಲಿಗೆ ಸ್ಟಾರ್‌ಬೋರ್ಡ್, ಎಡಮಗ್ಗುಲಿಗೆ ಲಾರ್‌ಬೋರ್ಡ್ ಎನ್ನುತ್ತಿದ್ದರು; ಬಿರುಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿ ಯಡವಟ್ಟಾಗುತ್ತಿತ್ತೆಂದು ಬ್ರಿಟಿಷ್ ನೌಕಾಪಡೆ 1844ರಲ್ಲಿ ಆದೇಶ ಹೊರಡಿಸಿ ಎಡಕ್ಕೆ ಪೋರ್ಟ್ ಎಂದು ಗೊತ್ತುಮಾಡಿತು. ನಮ್ಮ ಲಾರಿಯವರು ಯಾವ ಆದೇಶಕ್ಕೂ ಕಾಯಲಿಲ್ಲ. ಟೀ ಕುಡಿಯುತ್ತಾ ತೀರ್ಮಾನ ಮಾಡಿಕೊಂಡರು.

ಕಾರಿನವರಿಗೆ ಈ ಮಾತು ಬಳಸಲು ಮರ್ಯಾದೆ ಅಡ್ಡ ಬರುತ್ತದೆ. ಅನೇಕ ಮನೆಗಳಲ್ಲಿ ಈಗ ಕಾರು ಓಡಿಸುವವರು ಹೆಂಡತಿ. ಪಾರ್ಕಿಂಗ್ ಚೀಟಿ ಹಿಡಿದು ಪಕ್ಕದಲ್ಲಿ ಕೂತು 'ನಿಧಾನ, ನಿಧಾನ' ಅನ್ನುವವರು ಗಂಡ. ಆಕೆ ಗ್ಯಾರೇಜಿಗೆ ಫೋನ್ ಮಾಡಿ "ಕ್ಲೀನರ್ ಸೈಡ್ ಡೋರು" ಅಂದ ದಿನ ಗಂಡ ಊಟಕ್ಕೆ ಮೊಸರು ಕೇಳಲಿಲ್ಲ. ಡ್ರೈವರ್ ಇಟ್ಟುಕೊಂಡ ದೊಡ್ಡ ಮನುಷ್ಯರದು ಇನ್ನೊಂದು ಕಥೆ. ಅವರು ಹಿಂದಿನ ಸೀಟಿನ ಎಡಗಡೆ ಕೂರುವವರು, ಅವರ ಗ್ಯಾರೇಜಿನಲ್ಲಿ ಅದಕ್ಕೆ ಸಾಹೇಬರ ಸೈಡ್ ಎಂದೇ ಹೆಸರು. ಹೊಸ ಮೆಕ್ಯಾನಿಕ್ ಬಂದರೆ ಸಾಹೇಬರು ಯಾವ ಕಡೆ ಕೂರುತ್ತಾರೆ ಎಂಬುದನ್ನು ಮೊದಲು ಕಲಿಯಬೇಕು, ಆಮೇಲೆ ಪಾನಾ ಮುಟ್ಟಬೇಕು.

ಅಪಾರ್ಟ್‌ಮೆಂಟಿನಲ್ಲಿ ರಿವರ್ಸ್ ಹಾಕಿಸುವ ವಾಚ್‌ಮನ್ನನ ವಿಷಯ ಇಲ್ಲಿ ಬಿಡಲಾರೆ. ಕಾರಿನ ಹಿಂದೆ ನಿಂತು "ಲೆಫ್ಟ್ ಹೊಡೀರಿ ಸಾರ್" ಅನ್ನುತ್ತಾನೆ. ಸ್ಟೀರಿಂಗ್ ಎಡಕ್ಕೋ, ಕಾರಿನ ಬಾಲ ಎಡಕ್ಕೋ, ಅವನು ನಿಂತಿರುವ ಎಡಕ್ಕೋ? ಕೇಳುವಷ್ಟರಲ್ಲಿ "ರೈಟ್, ರೈಟ್, ರೈಟ್" ಎಂದು ಬಸ್ ಕಂಡಕ್ಟರನ ಧಾಟಿಯಲ್ಲಿ ಶುರು ಮಾಡಿರುತ್ತಾನೆ. ಈ ರೈಟಿಗೂ ಬಲಕ್ಕೂ ಸಂಬಂಧವಿಲ್ಲ, ಬನ್ನಿ ಅಂತ ಅರ್ಥ. ಟೈಲ್ ಲ್ಯಾಂಪ್ ವ್ಯಾಪಾರದ ಒಂದು ಪಾಲು ಈ ಕಾವಲುಗಾರರ ಕೃಪೆ.

ಡ್ರೈವರ್ ಸೈಡ್ ಎಂಬ ಈ ಗಟ್ಟಿ ನೆಲವೂ ದೇಶದ ಗಡಿಯ ಆಚೆ ಕುಸಿಯುತ್ತದೆ. ಅಮೆರಿಕದಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ಅಲ್ಲಿಂದ ವೈಟ್‌ಫೀಲ್ಡಿಗೆ ವಾಪಸಾದ ಸಾಫ್ಟ್‌ವೇರ್ ದಂಪತಿಗಳು ವೈಪರ್ ಬ್ಲೇಡು ಬೇಕೆಂದರೂ ಅಲ್ಲಿನ ಅಂಗಡಿಯನ್ನೇ ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾರೆ. ಡ್ರೈವರನ ಮುಂದೆ ಉದ್ದನೆಯ ಬ್ಲೇಡು, ಪಕ್ಕದವನ ಮುಂದೆ ಗಿಡ್ಡದ್ದು ಇರುವುದು ರೂಢಿ. ಅಲ್ಲಿನ ಪಟ್ಟಿಯಲ್ಲಿ ಎಡಗಡೆ ಎಂದಿದ್ದನ್ನು ಇಲ್ಲಿ ಎಡಗಡೆಗೇ ಹಾಕಿದರೆ ಮೊದಲ ಮಳೆಗೆ ಎರಡೂ ಬ್ಲೇಡು ಕತ್ತಿ ವರಸೆ ಆಡುತ್ತವೆ.

ದೀಪದ್ದು ಇನ್ನೂ ಸೂಕ್ಷ್ಮ. ಡಿಮ್ ಮಾಡಿದಾಗ ಹೆಡ್‌ಲೈಟಿನ ಬೆಳಕು ಎರಡೂ ಪಕ್ಕ ಒಂದೇ ಎತ್ತರಕ್ಕೆ ಬೀಳುವುದಿಲ್ಲ. ನಾವು ರಸ್ತೆಯ ಎಡಗಡೆ ಹೋಗುವವರಾದ್ದರಿಂದ ನಮ್ಮ ಕಾರಿನ ಬೆಳಕು ಎಡಕ್ಕೆ ಒಂದಿಷ್ಟು ಮೇಲೆದ್ದು ರಸ್ತೆಯಂಚಿನಲ್ಲಿ ನಡೆಯುವವನನ್ನು ತೋರಿಸುತ್ತದೆ; ಬಲಕ್ಕೆ ತಗ್ಗಿ ಎದುರು ಬರುವವನ ಕಣ್ಣು ಕಾಯುತ್ತದೆ. ಕಾರಿನ ಎರಡು ದೀಪವೂ ಹೀಗೇ. ಬಲಗಡೆ ಓಡಿಸುವ ದೇಶದಿಂದ ತರಿಸಿದ ದೀಪ ಇದಕ್ಕೆ ತಿರುಗಾಮುರುಗಾ. ನಡೆಯುವವನನ್ನು ಕತ್ತಲಲ್ಲಿ ಬಿಟ್ಟು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಅಂದರೆ ಬಲಗಡೆಯದೇ ಬಂದರೂ ಅದು ಬೇರೆ ದೇಶದ ಬಲಗಡೆಯದು. ಇದರಿಂದ ದೊಡ್ಡ ಅನಾಹುತವೇನೂ ಆಗಲಿಕ್ಕಿಲ್ಲ ಬಿಡಿ. ಹೈ ಬೀಮ್ ಇಳಿಸುವ ಅಭ್ಯಾಸವೇ ಇಲ್ಲದ ಊರಿನಲ್ಲಿ ಯಾರಿಗೆ ಗೊತ್ತಾಗಬೇಕು?

ಭಾಗ ಬದಲಿಸುವ ಬದಲು ದೇಶವನ್ನೇ ಬದಲಿಸಿದವರೂ ಇದ್ದಾರೆ. ಪೆಸಿಫಿಕ್ ಸಾಗರದ ಪುಟ್ಟ ದೇಶ ಸಮೋವಾದಲ್ಲಿ ಜನ ರಸ್ತೆಯ ಬಲಗಡೆ ಓಡಿಸುತ್ತಿದ್ದರು. ಹತ್ತಿರದ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಕಾರುಗಳೆಲ್ಲ ಎಡಗಡೆ ಓಡುವಂಥವು, ಸ್ಟೀರಿಂಗ್ ಬಲಕ್ಕೆ. ಅವು ನಮಗೂ ಸಿಗಲಿ ಎಂದು 2009ರ ಸೆಪ್ಟೆಂಬರ್ 7ರ ಬೆಳಿಗ್ಗೆ ಸರ್ಕಾರ ಇಡೀ ದೇಶವನ್ನು ಎಡಕ್ಕೆ ಸರಿಸಿತು. ಅದಕ್ಕೂ ಮೊದಲು, 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ಎಡದಿಂದ ಬಲಕ್ಕೆ ಹೋಗಿ, ದೇಶದ ಕಾರುಗಳಿಗೆಲ್ಲ ಹೆಡ್‌ಲೈಟ್ ಬದಲಿಸಬೇಕಾಯಿತು, ಬಸ್ಸಿನ ಬಾಗಿಲುಗಳು ಆಚೆ ಪಕ್ಕಕ್ಕೆ ಹೋದವು. ನಮ್ಮಲ್ಲಿ ಇಂಥ ಆದೇಶ ಬೇಕಿಲ್ಲ. ರಾಜಕಾಲುವೆ ಪಕ್ಕದ ಯಾವ ರಸ್ತೆಗೆ ಹೋದರೂ ಎರಡೂ ಪದ್ಧತಿ ಏಕಕಾಲಕ್ಕೆ ಜಾರಿಯಲ್ಲಿವೆ.

ಕೂರದ ಭಾಗ ಬಂದರೆ ಅದು ಅದೃಷ್ಟ ಎನ್ನಬೇಕು. ಎಡಗಡೆಯ ಹೆಡ್‌ಲೈಟ್ ಬಲಗಡೆಯ ಗುಂಡಿಗೆ ಕೂರುವುದೇ ಇಲ್ಲ. ಅಲ್ಲಿಗೆ ಗಲಾಟೆ ಅಂಗಡಿಯಲ್ಲಿ ಮುಗಿಯುತ್ತದೆ. ಹೆದರಬೇಕಾದದ್ದು ಯಾವ ಕಡೆಗಾದರೂ ಕೂರುವ ಭಾಗಗಳಿಗೆ. ಬ್ರೇಕ್ ಕ್ಯಾಲಿಪರನ್ನೇ ನೋಡಿ. ಎಡದ್ದೂ ಬಲದ್ದೂ ಅವಳಿ ಜವಳಿ. ಅನೇಕ ಗಾಡಿಗಳಲ್ಲಿ ಅದಲುಬದಲು ಮಾಡಿದರೂ ಬೋಲ್ಟು ನೀಟಾಗಿ ಕೂರುತ್ತದೆ. ವ್ಯತ್ಯಾಸ ಇರುವುದು ಗಾಳಿ ತೆಗೆಯುವ ನಿಪ್ಪಲ್‌ನಲ್ಲಿ. ಬ್ರೇಕ್ ಆಯಿಲ್ ಒಳಗೆ ಸಿಕ್ಕ ಗಾಳಿಗುಳ್ಳೆ ಮೇಲಕ್ಕೇ ಏರುವುದರಿಂದ ನಿಪ್ಪಲ್ ಮೇಲ್ಗಡೆ ಇರಬೇಕು. ಕಡೆ ತಪ್ಪಿದರೆ ಅದು ಕೆಳಗೆ ಬರುತ್ತದೆ. ಒಬ್ಬ ಹುಡುಗ ಸೀಟಿನಲ್ಲಿ ಕೂತು ಪೆಡಲ್ ಒತ್ತುತ್ತಾನೆ, ಇನ್ನೊಬ್ಬ ಚಕ್ರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನಿಪ್ಪಲ್ ಬಿಚ್ಚುತ್ತಾನೆ. "ಹೊಡಿ, ಹೊಡಿ, ಹೊಡಿ... ಹಿಡ್ಕೋ!" ಆಯಿಲ್ ಚಿಮ್ಮುತ್ತದೆ, ಗಾಳಿ ಬರುವುದಿಲ್ಲ. ಅದು ಮೇಲೆ ಆರಾಮವಾಗಿ ಕೂತಿದೆ. ಡಬ್ಬಿ ಖಾಲಿಯಾಗುತ್ತದೆ, ಇನ್ನೊಂದು ಡಬ್ಬಿ ಬರುತ್ತದೆ, ಪೆಡಲ್ ಮಾತ್ರ ಮೆತ್ತಗೇ ಇರುತ್ತದೆ. ಕಡೆಗೆ ಹಿರಿಯ ಮೆಕ್ಯಾನಿಕ್ ಬಂದು, ಒಂದು ಸಲ ಒತ್ತಿ ನೋಡಿ, "ಮಾಸ್ಟರ್ ಸಿಲಿಂಡರ್ ಹೋಗಿದೆ" ಎಂದು ತೀರ್ಪು ಕೊಡುತ್ತಾರೆ. ಹೊಸ ಮಾಸ್ಟರ್ ಸಿಲಿಂಡರ್ ತರಿಸುತ್ತಾರೆ. ಅದಕ್ಕೆ ಎಡಬಲ ಇಲ್ಲವಾದ್ದರಿಂದ ಅದೊಂದು ಮೊದಲ ಸಲಕ್ಕೇ ಸರಿಯಾದದ್ದು ಬರುತ್ತದೆ. ಬೇಕಾಗಿರಲಿಲ್ಲ, ಅಷ್ಟೆ.

ಸೈಕಲ್ ಷಾಪಿನ ಹುಡುಗನಿಗೆ ಗೊತ್ತಿರುವಷ್ಟು ಇವರಿಗೆ ಗೊತ್ತಿಲ್ಲ. ಎಡಗಡೆ ಪೆಡಲ್ಲಿನ ಥ್ರೆಡ್ ಉಲ್ಟಾ ಎಂಬುದನ್ನು ಅವನು ಮೀಸೆ ಮೂಡುವ ಮೊದಲೇ ಕಲಿತಿರುತ್ತಾನೆ.

ಕ್ಯಾಲಿಪರ್ ಜಾತಿಯವರು ಕಾರಿನಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡಿ. ರಾಜಕೀಯದ ಎಡಬಲ ಹುಟ್ಟಿದ್ದೂ ಸೀಟಿನಿಂದಲೇ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಪರ ಇದ್ದವರು ಅಧ್ಯಕ್ಷರ ಬಲಕ್ಕೆ, ವಿರೋಧಿಗಳು ಅವರ ಎಡಕ್ಕೆ ಕೂತರು. ಯಾರ ಬಲ ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ, ಪೀಠದಲ್ಲಿ ಕೂತವನ ಬಲ. ನಮ್ಮ ಲೋಕಸಭೆಯಲ್ಲೂ ಆಳುವ ಪಕ್ಷ ಸ್ಪೀಕರ್ ಅವರ ಬಲಕ್ಕೆ ಕೂರುತ್ತದೆ. ಚುನಾವಣೆಗೆ ನಿಂತ ಕಡೆ ಒಂದು, ಗೆದ್ದ ಮೇಲೆ ಕೂತ ಕಡೆ ಇನ್ನೊಂದು ಆಗಿರುವ ನಮ್ಮ ಶಾಸಕರನ್ನು ಆ ಕೌಂಟರಿನ ಅಂಗಡಿಯವನೇ ಕೇಳಬೇಕು, ನಿಂತ್ಕೊಂಡು ಎಡವಾ, ಕೂತ್ಕೊಂಡು ಎಡವಾ ಎಂದು. ಯಾವ ಕಡೆ ಹಾಕಿದರೂ ಬೋಲ್ಟು ಕೂರುತ್ತದೆ. ಗಾಳಿ ಹೊರಗೆ ಬರುವುದಿಲ್ಲ.

ಎಡಬಲದ ಜಗಳ ಬರುವ ಕಡೆಯಲ್ಲೆಲ್ಲ ಬುದ್ಧಿವಂತರು ಮೊದಲು ಯಾರ ಕಣ್ಣಿನಿಂದ ನೋಡಬೇಕೆಂದು ಗೊತ್ತುಮಾಡುತ್ತಾರೆ. ಗುಡಿಯಲ್ಲಿ ಪ್ರಸಾದ ಕೇಳುವಾಗ ಬಲಗಡೆ ಹೂವಾಯಿತು ಎಂದರೆ ದೇವರ ಬಲಗಡೆ. ಎದುರು ನಿಂತ ನಮಗೆ ಅದು ಎಡ, ಆದರೂ ಯಾವ ಭಕ್ತನೂ ಅದನ್ನು ತನ್ನ ಎಡವೆಂದು ತಿಳಿದು ಮದುವೆ ಮಾತುಕತೆ ಮುರಿದದ್ದಿಲ್ಲ. ಬಲಮುರಿ ಗಣಪತಿಯ ಸೊಂಡಿಲೂ ಗಣಪತಿಯ ಬಲಕ್ಕೇ ತಿರುಗಿರುವುದು. ನೀರಾವರಿ ಇಲಾಖೆಯನ್ನು ಬೈಯಲು ಕಾರಣ ಬೇಕಾದಷ್ಟು ಇವೆಯಾದರೂ ಈ ಒಂದು ವಿಷಯದಲ್ಲಿ ಬೈಯುವ ಹಾಗಿಲ್ಲ. ನದಿ ಹರಿಯುವ ದಿಕ್ಕಿಗೆ ಮುಖ ಮಾಡಿದರೆ ಎಡಗೈ ಕಡೆಯದು ಎಡದಂಡೆ, ಬಲಗೈ ಕಡೆಯದು ಬಲದಂಡೆ. ತುಂಗಭದ್ರಾ ಅಣೆಕಟ್ಟೆಯ ಮೇಲೆ ನಿಂತು ಹಿನ್ನೀರಿನ ಫೋಟೊ ಹೊಡೆಯುವ ಪ್ರವಾಸಿಗೆ ಎಡದಂಡೆ ಬಲಕ್ಕೆ ಕಾಣುತ್ತದೆ, ಆದರೆ ಕಾಲುವೆಯ ನೀರು ಅವನನ್ನು ಕೇಳಿ ಹರಿಯುವುದಿಲ್ಲ. ಆಸ್ಪತ್ರೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ತಪಾಸಣಾ ಪಟ್ಟಿಯಲ್ಲಿ, ಅರಿವಳಿಕೆ ಕೊಡುವ ಮೊದಲೇ ಕೊಯ್ಯುವ ಜಾಗಕ್ಕೆ ಗುರುತು ಹಾಕಿದೆಯೇ ಎಂಬ ಪ್ರಶ್ನೆ ಇದೆ. ಎಡಗಾಲಿನ ಬದಲು ಬಲಗಾಲು ಕೊಯ್ದರೆ 'ಎಕ್ಸ್‌ಚೇಂಜ್ ಇಲ್ಲ ಸಾರ್' ಅನ್ನುವುದು ಅಲ್ಲಿ ನಡೆಯುವುದಿಲ್ಲ.

ನಡೆಯುವುದು ಸ್ಪೇರ್ಸ್ ಅಂಗಡಿಯಲ್ಲಿ. ಇಲ್ಲಿಗೆ ಅಸಲು ವಿಷಯಕ್ಕೆ ಬಂದೆವು.

ಕಂಪನಿಯವರು ಪಾರ್ಟ್ ನಂಬರಿನಲ್ಲೇ ಕಡೆ ಹೇಳಿಬಿಟ್ಟಿರುತ್ತಾರೆ. ಟೊಯೊಟಾದ ಹೆಡ್‌ಲೈಟ್ ಅಸೆಂಬ್ಲಿಯ ನಂಬರ್ 81110 ಎಂದು ಶುರುವಾದರೆ ಬಲ, 81150 ಎಂದಾದರೆ ಎಡ. ಫೋಕ್ಸ್‌ವ್ಯಾಗನ್‌ನವರ ಲೆಕ್ಕದಲ್ಲಿ ಜೋಡಿ ಭಾಗಗಳ ಪೈಕಿ ಬೆಸಸಂಖ್ಯೆ ಎಡಕ್ಕೆ, ಸಮಸಂಖ್ಯೆ ಬಲಕ್ಕೆ. ಡಬ್ಬದ ಮೇಲೆ ಎಲ್‌ಎಚ್, ಆರ್‌ಎಚ್ ಎಂದು ಅಚ್ಚು ಹಾಕಿರುತ್ತಾರೆ. ಅಂಗಡಿಯವನು ತನ್ನ ರೇಟಿನ ಸ್ಟಿಕ್ಕರ್ ಹುಡುಕಿ ಹುಡುಕಿ ಅದರ ಮೇಲೇ ಅಂಟಿಸಿರುತ್ತಾನೆ. ಇಷ್ಟೆಲ್ಲ ಇದ್ದೂ ಬಿಲ್ಲಿನಲ್ಲಿ ಬರುವುದು ಏನು? 'ಹೆಡ್ ಲ್ಯಾಂಪ್ - 1'. ಪಕ್ಕದಲ್ಲಿ ಎಚ್‌ಎಸ್‌ಎನ್ ಕೋಡ್ 8512. ಬಲದ ದೀಪಕ್ಕೂ ಅದೇ, ಎಡದ ದೀಪಕ್ಕೂ ಅದೇ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲ ಒಂದೇ ದರ, ಶೇ. 18 ಜಿಎಸ್‌ಟಿ. ಎಡಬಲದ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಕಾಣುವ ಒಂದೇ ಇಲಾಖೆ ಇದು.

ಎರಡಕ್ಷರ ಬರೆಯಲು ಅಂಗಡಿಯವನಿಗೆ ಕೈ ನೋವೇ? ಇಲ್ಲ. ಬರೆದರೆ ಜವಾಬ್ದಾರಿ ಬರುತ್ತದೆ. ಬರೆಯದಿದ್ದರೆ 'ನೀವೇ ತಾನೇ ಸಾರ್ ರೈಟ್ ಅಂದಿದ್ದು' ಎಂಬ ಒಂದು ಮಾತು ಸಾಕು. ಬಾಯಲ್ಲಿ ಹೇಳಿದ ರೈಟಿಗೆ ಸಾಕ್ಷಿ ಇಲ್ಲ. ಮೆಕ್ಯಾನಿಕ್‌ಗೂ ಇದು ಅನುಕೂಲ, ಅಂಗಡಿಯವನಿಗೂ ಅನುಕೂಲ, ಬೈಕಿನಲ್ಲಿ ತಂದುಕೊಡುವ ಹುಡುಗನಿಗೆ ಎರಡು ಸಲ ಬಾಡಿಗೆ. ಮೂವತ್ತು ವರ್ಷದಿಂದ ಹೆಡ್‌ಲೈಟ್ ಮಾರುವವನಿಗೆ ಎಡಬಲ ತಿಳಿಯದೆಂದು ನಂಬುವವರು ನಂಬಲಿ. ಗೊಂದಲ ಎಂಬುದು ಈ ವ್ಯಾಪಾರದ ರೋಗವಲ್ಲ, ಬಂಡವಾಳ.

ಡಬ್ಬ ವಾಪಸು ತಂದವರಿಗೆ ಅಂಗಡಿಯಲ್ಲಿ ನಡೆಯುವ ಉಪಚಾರವೂ ನೋಡುವಂಥದ್ದು. ಮೊದಲು ಬಿಲ್ಲಿನ ಕೆಳಗಿನ ಸಾಲು ತೋರಿಸುತ್ತಾರೆ: ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ. ಆಮೇಲೆ ಪ್ಲಾಸ್ಟಿಕ್ ಬಿಚ್ಚಿದ್ದೀರಲ್ಲ ಎಂದು ಬೇಸರ ಪಡುತ್ತಾರೆ. ಬಿಚ್ಚದೆ ಎಡವೋ ಬಲವೋ ಗೊತ್ತಾಗುವ ಹಾಗೆ ಅವರೇ ಇಟ್ಟಿರಲಿಲ್ಲ. ಕಡೆಗೆ ಕರುಣೆ ಉಕ್ಕಿ, "ಒಂದು ಹೊಸದು ಒಂದು ಹಳೇದು ಇದ್ರೆ ಮೆಳ್ಳೆಗಣ್ಣು ಕಂಡಂಗೆ ಕಾಣುತ್ತೆ ಸಾರ್, ಹಳೇದು ಹಳದಿ ತಿರುಗಿರುತ್ತೆ. ಜೋಡಿನೇ ಹಾಕ್ಸಿಬಿಡಿ" ಎಂದು ಸಲಹೆ ಕೊಡುತ್ತಾರೆ. ಒಂದು ಒಡೆದದ್ದಕ್ಕೆ ಎರಡು ಮಾರಾಟವಾಯಿತು. ಬಲಗಡೆಯದು ಮಾತ್ರ ಸ್ಟಾಕ್ ಇಲ್ಲ, ನಾಳೆ ಬರುತ್ತದೆ.

ಕಾನೂನು ಏನೆನ್ನುತ್ತದೆ ಎಂದು ಕೇಳುವವರಿಗೆ ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವಿರುವ ಮಾಲನ್ನು ವಾಪಸು ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಗಡುವು ಹೇಳದಿದ್ದರೆ 30 ದಿನದೊಳಗೆ ವಾಪಸು ಪಡೆಯಬೇಕು. ಆದರೆ ಎಡಗಡೆಯ ದೀಪದಲ್ಲಿ ದೋಷ ಎಲ್ಲಿದೆ? ಗಾಜು ನೆಟ್ಟಗಿದೆ, ಬಲ್ಬು ಉರಿಯುತ್ತದೆ, ಲಾಕುಗಳೆಲ್ಲ ಗಟ್ಟಿ. ಎಡಗಡೆಯ ದೀಪವಾಗಿ ಅದು ಪರಿಪೂರ್ಣ. ಒಡೆದದ್ದು ಬಲಗಡೆ ಎಂಬುದಷ್ಟೇ ಅದರ ಮೇಲಿನ ಆಪಾದನೆ. ಇಂಟರ್‌ನೆಟ್ಟಿನಲ್ಲಿ ಕೊಂಡವರ ಕೇಸು ಕೊಂಚ ಗಟ್ಟಿ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಕ್ಕೆ ಹೊಂದದ ಮಾಲನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಅಲ್ಲಿಯೂ ಕಡೆ ಯಾವುದೆಂದು ಬರೆದಿರಬೇಕು. 'ಕಾರಿನ ಹೆಡ್‌ಲೈಟ್, ಉತ್ತಮ ಗುಣಮಟ್ಟ, ಕಣ್ಸೆಳೆಯುವ ವಿನ್ಯಾಸ' ಎಂದು ಬರೆದವನನ್ನು ಯಾವ ಆಯೋಗವೂ ಹಿಡಿಯಲಾರದು.

ಆದ್ದರಿಂದ ಕಾರಿನವರಲ್ಲಿ ವಿನಂತಿ. ಅಂಗಡಿಗೆ ಹೋಗುವ ಮೊದಲು ಆರ್‌ಸಿಯಿಂದ ಚಾಸಿ ನಂಬರ್ ಬರೆದುಕೊಳ್ಳಿ. ಒಡೆದ ಭಾಗದ ಬೆನ್ನಿನ ಮೇಲೆ ನಂಬರ್ ಇರುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. ಲೆಫ್ಟು, ರೈಟು ಎಂಬ ಮಾತು ಬಂದಾಗಲೆಲ್ಲ 'ಕೂತ್ಕೊಂಡು' ಎಂಬುದನ್ನು ಸೇರಿಸಿಯೇ ಹೇಳಿ. ಮೆಕ್ಯಾನಿಕ್ ನಕ್ಕರೆ ನಗಲಿ. ಗಾಳಿಯಲ್ಲಿ ಸ್ಟೀರಿಂಗ್ ಹಿಡಿಯುವುದಾದರೆ ಕೈ ಇಳಿಸಿದ ಮೇಲೆ ಕೌಂಟರಿನ ಕಡೆ ತಿರುಗಿ. ಮತ್ತು ಅಂಗಡಿಯವನು ಎಷ್ಟೇ ಪರಿಚಯದವನಾಗಿರಲಿ, ಬಿಲ್ಲಿನ ಮೇಲೆ ಪಾರ್ಟ್ ನಂಬರನ್ನೂ ಎಲ್‌ಎಚ್ ಅಥವಾ ಆರ್‌ಎಚ್ ಎಂಬ ಎರಡಕ್ಷರವನ್ನೂ ಪೆನ್ನಿನಲ್ಲಿ ಬರೆಸಿ, ಸೀಲು ಹಾಕಿಸಿಕೊಂಡ ಮೇಲೇ ದುಡ್ಡು ಕೊಡಿ.